ಉಯಿಲು ಬರೆದಾಗಿದೆ, ಇನ್ನೂ ಪಿಎಫ್ ನಾಮಿನಿ ಬದಲಿಸಬೇಕೇ?

ಮದುವೆಗೆ ಮೊದಲು ಪಿಎಫ್‌ಗೆ ತಮ್ಮನನ್ನು ನಾಮಿನಿ ಮಾಡಿದ್ದೀರಿ, ಈಗ ಉಯಿಲಿನಲ್ಲಿ ಎಲ್ಲವನ್ನೂ ಹೆಂಡತಿಗೆ ಬರೆದಿದ್ದೀರಿ, ಅಷ್ಟು ಸಾಕಲ್ಲವೇ ಎಂದು ಕೇಳಿದ್ದೀರಿ. ಸಾಲದು. ನನ್ನ ಅಣ್ಣನೂ ಸಾಕೆಂದೇ ನಂಬಿದ್ದ.

ಅವನು 2008ರಲ್ಲಿ ಪೀಣ್ಯದ ಕಾರ್ಖಾನೆಯೊಂದಕ್ಕೆ ಸೇರಿದಾಗ ಪಿಎಫ್ ನಾಮಿನಿಯನ್ನು ಹೆಸರಿಸುವ ಫಾರಂ 2ರಲ್ಲಿ ಅಮ್ಮನ ಹೆಸರು ಬರೆದುಕೊಟ್ಟ. ಅಪ್ಪ ಆಗಲೇ ಇರಲಿಲ್ಲ. ಅಮ್ಮನಿಗೆ ಅವನೇ ದಿಕ್ಕು. 2012ರಲ್ಲಿ ಮದುವೆಯಾಯಿತು, ಮಗಳು ಹುಟ್ಟಿದಳು. 2018ರಲ್ಲಿ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಉಯಿಲು ನೋಂದಾಯಿಸಿದ. ಮನೆ, ಬ್ಯಾಂಕ್ ಠೇವಣಿ, ಪಿಎಫ್ ಎಲ್ಲವೂ ಅತ್ತಿಗೆಗೆ. ಇಬ್ಬರು ಸಾಕ್ಷಿಗಳು, ಪ್ರತಿ ಪುಟಕ್ಕೂ ಸಹಿ, ಯಾವ ಲೋಪವೂ ಇಲ್ಲ. 2021ರಲ್ಲಿ ತೀರಿಕೊಂಡ.

ಆ ಉಯಿಲಿನಲ್ಲಿ ಒಂದು ಸಾಲು ಇತ್ತು: ಇದಕ್ಕೆ ಮುಂಚೆ ಬರೆದ ಉಯಿಲುಗಳೆಲ್ಲ ಈ ಮೂಲಕ ರದ್ದು. ಬಹುತೇಕ ಉಯಿಲುಗಳಲ್ಲಿ ಇರುವ ಸಾಲು ಇದು, ನಿಮ್ಮದರಲ್ಲೂ ಇರಬಹುದು. ಅಣ್ಣ ಇದನ್ನೇ ನೆಚ್ಚಿಕೊಂಡ. ಹಳೆಯ ಕಾಗದಗಳೆಲ್ಲ ಬಿದ್ದುಹೋದವು, ಕಾರ್ಖಾನೆಯ ಫಾರಮ್ಮೂ ಅದರಲ್ಲಿ ಸೇರಿತು ಎಂದುಕೊಂಡ. ಸೇರುವುದಿಲ್ಲ. ಆ ಸಾಲು ರದ್ದು ಮಾಡುವುದು ಹಳೆಯ ಉಯಿಲನ್ನು ಮಾತ್ರ. ಪಿಎಫ್ ನಾಮನಿರ್ದೇಶನ ಉಯಿಲಲ್ಲ. ಅದು 1952ರ ಭವಿಷ್ಯನಿಧಿ ಯೋಜನೆಯಡಿ ಕೊಟ್ಟ ಕಾಗದ. ಅದನ್ನು ಬದಲಿಸಬೇಕಾದರೆ ಅದೇ ಯೋಜನೆಯ ಪ್ರಕಾರ ಇನ್ನೊಂದನ್ನು ಕೊಡಬೇಕು. ಉಪನೋಂದಣಾಧಿಕಾರಿ ಕಚೇರಿಯಲ್ಲಿ ಎಷ್ಟೇ ಮುದ್ರೆ ಒತ್ತಿಸಿದರೂ ಭವಿಷ್ಯನಿಧಿ ಕಚೇರಿಯ ಕಡತದಲ್ಲಿ ಒಂದಕ್ಷರವೂ ಬದಲಾಗುವುದಿಲ್ಲ.

ಇದರ ಜೊತೆಗೆ ಇನ್ನೊಂದು ತೊಡಕು. ಅದೇ ಯೋಜನೆಯ 61ನೇ ಪ್ಯಾರಾವನ್ನು ಆಧರಿಸಿ ಭವಿಷ್ಯನಿಧಿ ಕಚೇರಿ ಮದುವೆಗೆ ಮುಂಚಿನ ನಾಮನಿರ್ದೇಶನವನ್ನು ಮದುವೆಯಾದೊಡನೆ ಅಸಿಂಧು ಎಂದು ಪರಿಗಣಿಸುತ್ತದೆ. ಹಾಗಾಗಿ ಅಮ್ಮನ ಹೆಸರು 2012ರಲ್ಲೇ ಬಿದ್ದುಹೋಗಿತ್ತು. ಅವನು ಹೊಸದನ್ನು ಕೊಟ್ಟೇ ಇರಲಿಲ್ಲ. ನಾಮಿನಿಯೇ ಇಲ್ಲದಿದ್ದರೆ 70ನೇ ಪ್ಯಾರಾ ಅನ್ವಯಿಸುತ್ತದೆ: ಕುಟುಂಬದವರಿಗೆ ಸಮಪಾಲು. ಅತ್ತಿಗೆಗೆ ಒಂದು ಪಾಲು, ಮಗಳಿಗೆ ಒಂದು, ಅವನ ಆಶ್ರಯದಲ್ಲಿದ್ದ ಅಮ್ಮನಿಗೆ ಒಂದು. ಅಣ್ಣ ಬರೆದಿಟ್ಟ ಎರಡು ಕಾಗದಗಳಲ್ಲಿ ಒಂದೂ ನಡೆಯಲಿಲ್ಲ.

ನನ್ನ ಹೆಸರಿದೆ, ಹಣವೆಲ್ಲ ನನ್ನದು ಎಂದು ಅಮ್ಮ. ನೋಂದಾಯಿತ ಉಯಿಲಿದೆ, ನನ್ನದು ಎಂದು ಅತ್ತಿಗೆ. ಅಮ್ಮನದು ದುರಾಸೆಯಲ್ಲ, ಮಗ ಹೋದ ಮೇಲೆ ಔಷಧಿಗೂ ಕೈಚಾಚಬೇಕಾದ ಭಯ. ನಾಡಕಚೇರಿಯ ವಂಶವೃಕ್ಷ, ಪ್ರಮಾಣಪತ್ರಗಳು, ಮತ್ತೆ ಆಕ್ಷೇಪಣೆ ಎಂದು ಅರ್ಜಿ ತಿರುಗಿ ತಿರುಗಿ ಬರುತ್ತಿದ್ದಾಗ ಒಂದೇ ಸೂರಿನಡಿ ಇಬ್ಬರೂ ಮಾತು ಬಿಟ್ಟರು. ಉಯಿಲು ಹಿಡಿದು ಅಮ್ಮನ ಪಾಲಿನ ಮೇಲೆ ಸಿವಿಲ್ ದಾವೆ ಹೂಡಬಹುದು ಎಂದು ವಕೀಲರು ಹೇಳಿದರು. ಗಂಡನ ತಾಯಿಯನ್ನು ಕೋರ್ಟಿಗೆ ಎಳೆಯಲು ಅತ್ತಿಗೆ ಒಪ್ಪಲಿಲ್ಲ. ಮನೆ ಮತ್ತು ಠೇವಣಿ ಮಾತ್ರ ಉಯಿಲಿನ ಪ್ರಕಾರವೇ ಸಲೀಸಾಗಿ ಬಂದವು.

ಪಿಂಚಣಿಯದು ಬೇರೆಯೇ ಲೆಕ್ಕ. 1995ರ ಪಿಂಚಣಿ ಯೋಜನೆಯಲ್ಲಿ ಅದು ಹೆಂಡತಿಗೆ, ಜೊತೆಗೆ 25 ವರ್ಷ ತುಂಬುವವರೆಗೆ ಮಕ್ಕಳಿಗೆ. ಅವರಿರುವಾಗ ಉಯಿಲನ್ನೂ ನಾಮಿನಿಯನ್ನೂ ಯಾರೂ ಕೇಳುವುದಿಲ್ಲ, ತಾಯಿಗೆ ಏನೂ ಇಲ್ಲ. ಪಿಎಫ್ ಜೊತೆಗೇ ಬರುವ, ಗರಿಷ್ಠ 7 ಲಕ್ಷ ರೂಪಾಯಿಯ ಇಡಿಎಲ್‌ಐ ಜೀವವಿಮೆ ಪಿಎಫ್ ಹೋದ ಕಡೆಗೇ ಹೋಗುತ್ತದೆ.

ಉಯಿಲು ದೊಡ್ಡದೋ ನಾಮಿನಿ ದೊಡ್ಡವನೋ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ನಾಮಿನಿ ಹಣ ಪಡೆಯುವವನಷ್ಟೇ, ಒಡೆಯನಲ್ಲ ಎಂದು ಜೀವವಿಮೆಯ ಸರ್ಬತಿ ದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. 2009ರ ಶಿಪ್ರಾ ಸೇನ್‌ಗುಪ್ತ ಪ್ರಕರಣದಲ್ಲಂತೂ ಮದುವೆಗೆ ಮುಂಚೆ ತಾಯಿಯನ್ನು ನಾಮಿನಿ ಮಾಡಿದ್ದ ಬ್ಯಾಂಕ್ ಉದ್ಯೋಗಿಯ ಭವಿಷ್ಯನಿಧಿಯಲ್ಲಿ ಹೆಂಡತಿಗೂ ಅರ್ಧ ಸಿಕ್ಕಿತು. ಆದರೆ ಆ ಉದ್ಯೋಗಿ ತೀರಿಕೊಂಡದ್ದು 1990ರಲ್ಲಿ! ಮಗುವಿನ ಶಾಲಾ ಶುಲ್ಕ ಕಟ್ಟಬೇಕಾದವಳಿಗೆ ಹತ್ತೊಂಬತ್ತು ವರ್ಷಗಳ ನಂತರದ ಜಯದಿಂದ ಏನು ಪ್ರಯೋಜನ? ಎರಡೂ ಕಾಗದಗಳಲ್ಲಿ ಒಂದೇ ಹೆಸರು ಇದ್ದರೆ ಯಾವುದು ದೊಡ್ಡದು ಎಂದು ಯಾರೂ ಕೇಳಬೇಕಾಗಿಲ್ಲ.

ನಿಮ್ಮ ತಮ್ಮನ ಹೆಸರಂತೂ ಈಗ ನಿಲ್ಲುವುದೇ ಇಲ್ಲ. ಭವಿಷ್ಯನಿಧಿ ಯೋಜನೆ ಹೇಳುವ ಕುಟುಂಬದಲ್ಲಿ ಹೆಂಡತಿ, ಮಕ್ಕಳು, ಅವಲಂಬಿತ ತಂದೆತಾಯಿ, ತೀರಿಹೋದ ಮಗನ ಹೆಂಡತಿ ಮಕ್ಕಳು ಇದ್ದಾರೆ, ಅಣ್ಣತಮ್ಮಂದಿರಿಲ್ಲ. ನಂಬಿಕಸ್ಥ ಎನ್ನುತ್ತೀರಲ್ಲ, ಅವನನ್ನು ಉಯಿಲನ್ನು ಜಾರಿಗೆ ತರುವ ಎಕ್ಸಿಕ್ಯೂಟರ್ ಮಾಡಿ, ಅದು ಅವನಿಗೆ ತಕ್ಕ ಜಾಗ. ನಿಮ್ಮ ತಾಯಿ ನಿಮ್ಮನ್ನೇ ಅವಲಂಬಿಸಿದ್ದರೆ ಅವರಿಗೆಷ್ಟು, ಹೆಂಡತಿಗೆಷ್ಟು ಎಂದು ನಾಮನಿರ್ದೇಶನದಲ್ಲೇ ಶೇಕಡಾವಾರು ಬರೆಯಿರಿ, ಉಯಿಲಿನಲ್ಲೂ ಅದೇ ಅಂಕಿ ಇರಲಿ. ನಮ್ಮಣ್ಣ ಅಷ್ಟು ಮಾಡಿದ್ದರೆ ಅಮ್ಮ ಯಾರೆದುರೂ ಹಕ್ಕು ಸಾಧಿಸಬೇಕಾಗಿರಲಿಲ್ಲ. ಅಪ್ರಾಪ್ತ ಮಕ್ಕಳಿದ್ದರೆ ಪಾಲಕರ ಹೆಸರು ಬೇಕು.

ಪಿಎಫ್ ಸದಸ್ಯರಿಗೆ ಕೊಡುವ ಯುಎಎನ್ ಸಂಖ್ಯೆಯಿಂದ ಪಿಎಫ್ ಜಾಲತಾಣಕ್ಕೆ ಹೋಗಿ ಇ-ನಾಮಿನೇಷನ್ ತುಂಬಿಸಿ. ಹೆಸರು ಉಳಿಸಿ ಹೊರಬಂದರೆ ಮುಗಿಯಲಿಲ್ಲ. ಆಧಾರ್ ಮೂಲಕ ಇ-ಸಹಿ ಆಗದ ಹೊರತು ಅದು ಲೆಕ್ಕಕ್ಕಿಲ್ಲ. ಸಹಿಯಾದ ಪ್ರತಿಯನ್ನು ಮುದ್ರಿಸಿ ನಿಮ್ಮ ಹೆಂಡತಿಯ ಕೈಗೆ ಕೊಡಿ, ಈ ವಾರವೇ.