ಊಟ ಆದ ತಕ್ಷಣ ರೂಮು ಸೇರಿಕೊಂಡರೆ ತಪ್ಪಾ?

ರಾತ್ರಿ ಊಟ ಮುಗಿಸಿ ಸೀದಾ ರೂಮಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತೇನೆ, ಹೋಸ್ಟ್ ಫ್ಯಾಮಿಲಿಯವರಿಗೆ, ಅಂದರೆ ಬೇರೆ ಭಾಷೆಯ ಊರಿಗೆ ಕಲಿಯಲು ಬಂದ ನನ್ನನ್ನು ಮನೆಯಲ್ಲಿ ಇಟ್ಟುಕೊಂಡಿರುವ ಕುಟುಂಬದವರಿಗೆ, ಬೇಜಾರಾಗಿರಬಹುದಾ ಅಂತ ಕೇಳಿದ್ದೀರಿ. ಸ್ವಲ್ಪ ಆಗಿರಬಹುದು. ನಾನೂ ಮೊದಲ ತಿಂಗಳು ಹೀಗೇ ಮಾಡಿದ್ದೆ. ಅವರಿಗೆ ತೊಂದರೆ ಕೊಡಬಾರದು ಅಂತ ನಾನು ಒಳಗೆ ಕೂತಿದ್ದರೆ, ಈ ಹುಡುಗನಿಗೆ ನಮ್ಮ ಮನೆ ಹಿಡಿಸಲಿಲ್ಲ ಅಂತ ಅವರು ಅಂದುಕೊಂಡಿದ್ದರಂತೆ!

ನಿಜ ಏನೆಂದರೆ, ದಿನವಿಡೀ ಬೇರೆ ಭಾಷೆ ಕೇಳಿ ಕೇಳಿ ಸಂಜೆಗೆ ತಲೆಯೇ ಓಡುತ್ತಿರಲಿಲ್ಲ. ನಿಮಗೂ ಹಾಗೇ ಆಗುತ್ತಿದೆ ಅಲ್ವಾ? ಅದನ್ನೇ ಅವರಿಗೆ ಹೇಳಿಬಿಡಿ, ಅರ್ಥ ಮಾಡಿಕೊಳ್ಳುತ್ತಾರೆ.

ಮತ್ತೆ ಜೊತೆಗಿರುವುದು ಅಂದರೆ ಮಾತಾಡುತ್ತಲೇ ಇರಬೇಕು ಅಂತೇನಿಲ್ಲ. ತೊಳೆದ ತಟ್ಟೆ ಒರೆಸಿಡಿ, ಹತ್ತು ನಿಮಿಷ ಸುಮ್ನೆ ಟಿವಿ ಮುಂದೆ ಕೂತಿರಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರಂತೂ ನಿಮ್ಮ ಅದೃಷ್ಟ, ದೊಡ್ಡವರು ಸಂಕೋಚಪಟ್ಟು ಬಿಟ್ಟುಬಿಡುವ ನಿಮ್ಮ ಮಾತಿನ ತಪ್ಪುಗಳನ್ನೆಲ್ಲ ಮಕ್ಕಳು ನಕ್ಕುಕೊಂಡೇ ತಿದ್ದುತ್ತಾರೆ, ನಾನು ಕ್ಲಾಸಿಗಿಂತ ಜಾಸ್ತಿ ಕಲಿತಿದ್ದು ಆ ಮನೆಯ ಆರು ವರ್ಷದ ಹುಡುಗಿಯಿಂದ.

ಬಟ್ಟೆ ಯಾವ ದಿನ ಒಗೆಯಬೇಕು, ಸ್ನಾನಕ್ಕೆ ಯಾವ ಹೊತ್ತು, ಇವನ್ನೆಲ್ಲ ಊಹೆ ಮಾಡಬೇಡಿ, ಕೇಳಿಬಿಡಿ. ಊಟಕ್ಕೆ ಬರಲ್ಲ ಅಂದರೆ ಮಧ್ಯಾಹ್ನವೇ ಮೆಸೇಜ್ ಹಾಕಿ. ನನ್ನ ಮೇಲೆ ಅವರು ಸಿಟ್ಟಾಗಿದ್ದು ಅದೊಂದಕ್ಕೇ.