ಮಗಳ ಕೈಗೆ ಮೇಕೆ ಮರಿ: ಯಾವ ಕೆಲಸ ಕೊಡಬೇಕು, ಯಾವುದು ಬೇಡ?

ಪ್ರಶ್ನೆ: ಮಗಳಿಗೆ 10 ವರ್ಷ. ಬೇಸಾಯದ ಕಷ್ಟಸುಖ ಗೊತ್ತಾಗಲಿ ಎಂದು ಮೂರು ತಿಂಗಳ ಎರಡು ಮೇಕೆ ಮರಿ ತಂದಿದ್ದೇವೆ. ಹೊತ್ತುಗೊತ್ತಿಲ್ಲದೆ ಏನಾದರೂ ತಿನ್ನಿಸುತ್ತಲೇ ಇರುತ್ತಾಳೆ. ನಿನ್ನೆಯಿಂದ ಒಂದು ಮರಿ ಭೇದಿ ಮಾಡಿಕೊಳ್ಳುತ್ತಿದೆ. ಅವಳಿಗೆ ಯಾವ ಕೆಲಸ ವಹಿಸಬಹುದು?
– ಓದುಗರು, ಶಿರಾ ತಾಲ್ಲೂಕು

ಉತ್ತರ: ಮೊದಲು ಆ ಮರಿಯ ವಿಷಯ. ಅನ್ನ, ಮುದ್ದೆ, ಹಿಟ್ಟು ಏನಾದರೂ ಹಾಕಿದಳಾ ಕೇಳಿ. ಗದರಿಸಬೇಡಿ, ಗದರಿಸಿದರೆ ನಿಜ ಹೊರಬರುವುದಿಲ್ಲ. ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಯಲ್ಲಿ ಇವು ಬೇಗ ಹುಳಿಯೇರಿ, ಸೊಪ್ಪುಸದೆ ಜೀರ್ಣಿಸುವ ಸೂಕ್ಷ್ಮಜೀವಿಗಳನ್ನೇ ಕೊಲ್ಲುತ್ತವೆ. ಆ ಮರಿಗೆ ಸದ್ಯ ಕೈತಿಂಡಿ (ಹಿಂಡಿ, ಬೂಸಾದಂಥ ಪಶು ಆಹಾರ) ನಿಲ್ಲಿಸಿ, ಒಣಹುಲ್ಲು ಮತ್ತು ನೀರು ಮಾತ್ರ ಇಡಿ. ಎಡ ಹೊಟ್ಟೆ ಉಬ್ಬಿದ್ದರೆ, ಹಲ್ಲು ಕಡಿಯುತ್ತಿದ್ದರೆ, ಮೆಲುಕು ನಿಂತಿದ್ದರೆ ತಡಮಾಡದೆ ಪಶು ಆಸ್ಪತ್ರೆಗೆ ಒಯ್ಯಿರಿ. ಜಂತುಹುಳದಿಂದಲೂ ಭೇದಿ ಆಗಬಹುದು, ಹಾಗಾಗಿ ಸ್ವಲ್ಪ ಸಗಣಿಯನ್ನೂ ಕಟ್ಟಿಕೊಂಡು ಹೋಗಿ. ಮಗಳೂ ಜೊತೆಗಿರಲಿ. ಸೂಕ್ಷ್ಮದರ್ಶಕದಲ್ಲಿ ಹುಳದ ಮೊಟ್ಟೆ ಕಂಡರೆ ಹತ್ತು ಪಾಠಕ್ಕಿಂತ ಹೆಚ್ಚು ತಿಳಿಯುತ್ತದೆ.

ಇನ್ನು ಕೆಲಸ. ತಿನ್ನಿಸುವುದನ್ನು ತಪ್ಪಿಸಬೇಡಿ, ಅಳತೆ ಹಾಕಿಕೊಡಿ. ಹತ್ತು ಕಿಲೋ ತೂಗುವ ಮರಿಗೆ ದಿನಕ್ಕೆ 100 ಗ್ರಾಂ ಕೈತಿಂಡಿ ಸಾಕು, ಅದೂ ಎರಡು ಹೊತ್ತಿಗೆ ಹಂಚಿ. ಒಂದು ಲೋಟಕ್ಕೆ 50 ಗ್ರಾಂಗೆ ಗೆರೆ ಎಳೆದುಕೊಟ್ಟರೆ ಜಗಳವಿಲ್ಲ. ಅಗಸೆ ಮರ, ಸುಬಾಬುಲ್, ಹಲಸಿನ ಸೊಪ್ಪನ್ನು ಕಂತೆ ಕಟ್ಟಿ ಮರಿಯ ಮೂತಿಯ ಎತ್ತರಕ್ಕೆ ತೂಗುಹಾಕಲಿ. ನೆಲಕ್ಕೆ ಹಾಕಿದ್ದನ್ನು ತುಳಿದು, ಉಚ್ಚೆ ಹೊಯ್ದು, ಆಮೇಲೆ ಮೂಸಿಯೂ ನೋಡುವುದಿಲ್ಲ. ಕಣಗಿಲೆ ಗಿಡ, ಎಳೆ ಜೋಳದ ಪೈರು ಇವೆರಡನ್ನೂ ತೋರಿಸಿ, ಇವು ವಿಷ ಎಂದು ಮೊದಲೇ ಹೇಳಿಬಿಡಿ.

ವಾರಕ್ಕೊಮ್ಮೆ ಕಣ್ಣು ನೋಡುವ ಕೆಲಸ ಅವಳದೇ ಆಗಲಿ. ನೀವು ಮರಿ ಹಿಡಿದುಕೊಳ್ಳಿ. ಬಿಸಿಲ ಬೆಳಕಿನಲ್ಲಿ ಅವಳು ಕೆಳರೆಪ್ಪೆಯನ್ನು ಮೆಲ್ಲಗೆ ಕೆಳಗೆಳೆದು ಒಳಬಣ್ಣ ನೋಡಲಿ. ಕೆಂಪಗಿದ್ದರೆ ಸರಿ. ಬಿಳಿಚಿಕೊಂಡಿದ್ದರೆ ಹೊಟ್ಟೆಯಲ್ಲಿ ರಕ್ತ ಹೀರುವ ಹುಳ ಇದೆ ಎಂಬ ಗುಮಾನಿ. ಗದ್ದದ ಕೆಳಗೆ ಊತವೂ ಇದ್ದರೆ ಹುಳ ಹೆಚ್ಚಾಗಿರುವ ಸಾಧ್ಯತೆ ಇದೆ. ತೂಕಕ್ಕೆ ನೀವು ಮರಿ ಎತ್ತಿಕೊಂಡು ತಕ್ಕಡಿ ಹತ್ತಿ, ನಿಮ್ಮ ತೂಕ ಕಳೆಯುವ ಲೆಕ್ಕ ಅವಳಿಗೆ ಬಿಡಿ. ಎರಡನ್ನೂ ತಾರೀಖು ಹಾಕಿ ಪುಸ್ತಕದಲ್ಲಿ ಬರೆಯಲಿ. ಜಂತುಹುಳದ ಔಷಧಿಯ ಪ್ರಮಾಣ ನಿರ್ಧಾರವಾಗುವುದು ತೂಕದ ಮೇಲೆಯೇ.

ಆದರೆ ಔಷಧಿ ಕುಡಿಸುವುದು ದೊಡ್ಡವರ ಕೆಲಸ. ತಲೆ ಎತ್ತಿ ಗಡಿಬಿಡಿಯಲ್ಲಿ ಹೊಯ್ದರೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಮರಿಯ ತುಟಿಯ ಮೇಲೆ ಹಕ್ಕಳೆಗಟ್ಟಿದ ಹುಣ್ಣು ಕಂಡರೆ ಅವಳು ಮುಟ್ಟುವುದು ಬೇಡ, ಅದು ಮನುಷ್ಯರ ಕೈಗೂ ಅಂಟುತ್ತದೆ. ಕೊಟ್ಟಿಗೆಯಿಂದ ಬಂದಾಗಲೆಲ್ಲ ಸೋಪು ಹಚ್ಚಿ ಕೈ ತೊಳೆಯುವುದು ಕಡ್ಡಾಯ.

ಮೂರು ತಿಂಗಳಾಯಿತಲ್ಲ, ಪಿಪಿಆರ್ (ಕುರಿ-ಮೇಕೆಗಳಲ್ಲಿ ಹರಡುವ ಮಾರಕ ವೈರಸ್ ರೋಗ) ಲಸಿಕೆ ಕೇಳಿ. ಭೇದಿ ಇರುವ ಮರಿಗೆ ಮಾತ್ರ ಚೇತರಿಸಿಕೊಂಡ ಮೇಲೆ. ಮರಿಗಳನ್ನು ಮುಂದೆ ಮಾರುವವರಿದ್ದರೆ ಆ ಮಾತನ್ನು ಈಗಲೇ, ಅವಳು ಹೆಸರಿಡುವ ಮುಂಚೆಯೇ ಹೇಳಿ.