ಬಂದರೆ ನನಗೆ, ಬಾರದಿದ್ದರೆ ರೋಗಿಗೆ?

ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಕಡೆಯ ಓದುಗರೊಬ್ಬರು ಬರೆದಿದ್ದಾರೆ: ‘ನಮ್ಮ ಪೇಟೆಯಲ್ಲಿ ಕೂಲಿಗೆ ಹೋಗುವವರು ಬೆಳಗ್ಗೆ ಚಾ ಕುಡಿಯುವ ಮೊದಲೇ ಲಾಟರಿ ಟಿಕೆಟ್ ತೆಗೆಯುತ್ತಾರೆ. ಕೇಳಿದರೆ “ಬಂದರೆ ನನಗೆ, ಬಾರದಿದ್ದರೆ ರೋಗಿಗಳಿಗೆ” ಎನ್ನುತ್ತಾರೆ. ಈ ಮಾತು ಎಷ್ಟು ನಿಜ? ಗಡಿಯಾಚೆ ಕರ್ನಾಟಕದ ವಿಟ್ಲದ ನೆಂಟರು ತಮಗೂ ಟಿಕೆಟ್ ಕಳಿಸಿ ಎನ್ನುತ್ತಾರೆ, ಕಳಿಸಬಹುದೇ?’

ಮೊದಲ ಪ್ರಶ್ನೆಗೆ ಕಾನೂನಿನಿಂದಲೇ ಶುರು ಮಾಡೋಣ. ಸರಕಾರಿ ಲಾಟರಿಗಳಿಗೆ ಇಡೀ ದೇಶದಲ್ಲಿ ಇರುವ ಕಾಯ್ದೆ ಒಂದೇ, 1998ರ ಲಾಟರಿ ನಿಯಂತ್ರಣ ಕಾಯ್ದೆ. ಅದರ 4ನೇ ಸೆಕ್ಷನ್ ಟಿಕೆಟನ್ನು ಸರಕಾರವೇ ತನ್ನ ಮುದ್ರೆ ಹಾಕಿ ಅಚ್ಚು ಹಾಕಿಸಬೇಕು, ಡ್ರಾವನ್ನು ತಾನೇ, ತನ್ನ ರಾಜ್ಯದೊಳಗೇ ನಡೆಸಬೇಕು, ಒಂದು ಲಾಟರಿಗೆ ವಾರಕ್ಕೆ ಒಂದಕ್ಕಿಂತ ಹೆಚ್ಚು ಡ್ರಾ ಕೂಡದು, ವರ್ಷಕ್ಕೆ ಆರಕ್ಕಿಂತ ಹೆಚ್ಚು ಬಂಪರ್, ಅಂದರೆ ಭಾರಿ ಬಹುಮಾನದ ವಿಶೇಷ ಡ್ರಾ, ಕೂಡದು ಎನ್ನುತ್ತದೆ. ಕೇರಳದಲ್ಲಿ ದಿನಕ್ಕೊಂದು ಹೆಸರಿನ ಟಿಕೆಟ್ ಇರುವುದಕ್ಕೆ ಕಾರಣ ಈ ವಾರದ ನಿಯಮವೇ. ಹಣದ ಬಗ್ಗೆ ಕಾಯ್ದೆ ಹೇಳುವುದು ಇಷ್ಟೇ: ಮಾರಾಟದ ಹಣ ರಾಜ್ಯದ ಸಾರ್ವಜನಿಕ ಲೆಕ್ಕಕ್ಕೆ ಜಮೆಯಾಗಬೇಕು. ಆಸ್ಪತ್ರೆಗೆ ಇಷ್ಟು, ಶಾಲೆಗೆ ಇಷ್ಟು ಎಂಬ ಪಾಲು ಅದರಲ್ಲಿಲ್ಲ.

ಈಗ 50 ರೂಪಾಯಿಯ ಟಿಕೆಟನ್ನು ಬಿಡಿಸಿ ನೋಡಿ. 2025ರ ಸೆಪ್ಟೆಂಬರ್ 22ರಿಂದ ಲಾಟರಿಗೆ ಜಿಎಸ್‌ಟಿ ಶೇ. 40. ಅದು ಮುಖಬೆಲೆಯ ಒಳಗೇ ಅಡಗಿದೆ. 50ನ್ನು 140ರಿಂದ ಭಾಗಿಸಿ 40ರಿಂದ ಗುಣಿಸಿದರೆ ಸುಮಾರು 14 ರೂ. 29 ಪೈಸೆ. ಅದರಲ್ಲಿ ಅರ್ಧ ಕೇಂದ್ರಕ್ಕೆ, ಅರ್ಧ ರಾಜ್ಯಕ್ಕೆ. ಉಳಿದ 35 ರೂ. 71 ಪೈಸೆಯಲ್ಲಿ ಬಹುಮಾನ, ಏಜೆಂಟರ ಕಮಿಷನ್, ಮುದ್ರಣ, ಪ್ರಚಾರ ಎಲ್ಲವೂ ಕಳೆಯಬೇಕು. ಕೊನೆಗೆ ಉಳಿಯುವುದೇ ಲಾಭ. ಅದು ಖಜಾನೆಯಲ್ಲಿ ಬೇರೆ ಆದಾಯದ ಜೊತೆ ಬೆರೆತುಹೋಗುತ್ತದೆ.

ಹಾಗಾದರೆ ರೋಗಿಗಳ ಮಾತು ಬಂದದ್ದೆಲ್ಲಿಂದ? ಅದಕ್ಕೊಂದು ನಿಜವಾದ ಬೇರು ಇದೆ. ಕೆ.ಎಂ. ಮಾಣಿ ಕೇರಳದ ಹಣಕಾಸು ಸಚಿವರಾಗಿದ್ದಾಗ, 2011ರಲ್ಲಿ ಕಾರುಣ್ಯ ಎಂಬ ಹೆಸರಿನಲ್ಲೇ ಲಾಟರಿ ಬಂತು. ಅದರ ಲಾಭದಿಂದ ಕ್ಯಾನ್ಸರ್, ಹೃದಯ, ಕಿಡ್ನಿ, ಹಿಮೋಫಿಲಿಯಾ ರೋಗಿಗಳಿಗೆ ನೆರವು ಕೊಡುವ ನಿಧಿ ಶುರುವಾಯಿತು. ಟಿಕೆಟಿಗೂ ರೋಗಿಗೂ ಜನರ ಮನಸ್ಸಿನಲ್ಲಿ ಗಂಟು ಬಿದ್ದದ್ದು ಆಗ. 2019ರಿಂದ ಆ ಕೆಲಸದ ದೊಡ್ಡ ಭಾಗ ಕಾರುಣ್ಯ ಆರೋಗ್ಯ ಸುರಕ್ಷಾ ಯೋಜನೆಗೆ, ಅಂದರೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸಾ ಯೋಜನೆಗೆ ಹೋಯಿತು.

ಬ್ರಿಟನ್ನಿನ ನ್ಯಾಷನಲ್ ಲಾಟರಿಯ ಏರ್ಪಾಡು ಬೇರೆ. 1993ರ ಕಾಯ್ದೆಯಡಿ 1994ರ ನವೆಂಬರ್‌ನಲ್ಲಿ ಅದರ ಮೊದಲ ಡ್ರಾ ನಡೆಯಿತು. ಲಾಟರಿ ನಡೆಸುವುದು ಲೈಸೆನ್ಸ್ ಪಡೆದ ಕಂಪನಿ, ಅದರ ಮೇಲೆ ಕಣ್ಣಿಡುವುದು ಜೂಜಾಟ ಆಯೋಗ, ಹಣ ಹಂಚುವುದು ಬೇರೆಯೇ ಸಂಸ್ಥೆಗಳು. ಒಳ್ಳೆಯ ಕೆಲಸಗಳಿಗೆಂದು ತೆಗೆದ ಹಣ ಪ್ರತ್ಯೇಕ ನಿಧಿಗೆ ಬೀಳುತ್ತದೆ. ಆರೋಗ್ಯ, ಶಿಕ್ಷಣ, ಪರಿಸರ, ಸೇವಾಕಾರ್ಯಗಳಿಗೆ ಅದರಲ್ಲಿ ಶೇ. 40, ಕ್ರೀಡೆ, ಕಲೆ, ಪರಂಪರೆಗೆ ತಲಾ ಶೇ. 20. ಸರಕಾರ ಹೇಗೂ ಮಾಡಬೇಕಾದ ಖರ್ಚಿಗೆ ಈ ಹಣವನ್ನು ತುಂಬಬಾರದು ಎಂಬ ತತ್ವವೂ ಅಲ್ಲಿದೆ. ನಮ್ಮ ಲಾಟರಿಗೆ ಬೇಕಾದದ್ದು ಇಂಥದೇ ಕಟ್ಟುಪಾಡು. ಗೇರುತೋಟಕ್ಕೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದ, ನಮ್ಮ ಜಿಲ್ಲೆಯ ಎಣ್ಮಕಜೆಯಂಥ ಪಂಚಾಯತುಗಳ ಸಂತ್ರಸ್ತರು 5 ಲಕ್ಷ ರೂಪಾಯಿ ಪರಿಹಾರಕ್ಕೆ 2017ರ ಸುಪ್ರೀಂ ಕೋರ್ಟ್ ಆದೇಶದವರೆಗೆ ಕಾಯಬೇಕಾಯಿತು. ಅದೇ ಪಂಚಾಯತುಗಳಲ್ಲಿ ದಿನವೂ ಟಿಕೆಟ್ ಮಾರಾಟವಾಗುತ್ತದೆ. ವರ್ಷದ ಲಾಭ ಎಷ್ಟು, ಅದರಲ್ಲಿ ಚಿಕಿತ್ಸೆಗೆ ಹೋದದ್ದೆಷ್ಟು ಎಂಬ ಒಂದು ಪುಟದ ಲೆಕ್ಕವನ್ನು ಜಿಲ್ಲೆವಾರು, ಇಲ್ಲಿ ಕನ್ನಡದಲ್ಲಿ, ಕೊಡಿ ಎಂದು ಕೇಳುವ ಹಕ್ಕು ಟಿಕೆಟ್ ತೆಗೆಯುವವರಿಗಿದೆ. ಮಾಹಿತಿ ಹಕ್ಕಿನ ಅರ್ಜಿಯ ಶುಲ್ಕ 10 ರೂಪಾಯಿ.

ಚಿಕಿತ್ಸಾ ನೆರವಿನ ವಿಷಯದಲ್ಲಿ ನಮ್ಮವರು ಎಡವುವುದು ಒಂದೇ ಕಡೆ. ಕಾಯಿಲೆ ಜೋರಾದ ಕೂಡಲೇ ಮಂಗಳೂರಿಗೆ ಓಡುತ್ತಾರೆ, ಬಿಲ್ಲು ಕಟ್ಟಿ, ಆಮೇಲೆ ಕಾಗದ ಹಿಡಿದು ಅಲೆಯುತ್ತಾರೆ. ಕಾರುಣ್ಯ ಆರೋಗ್ಯ ಸುರಕ್ಷಾ ಕೈಯಿಂದ ಹಣ ಕೊಡದೆ ಚಿಕಿತ್ಸೆ ಪಡೆಯುವ ಯೋಜನೆ, ಕಟ್ಟಿದ ಬಿಲ್ಲನ್ನು ಮರಳಿಸುವ ಏರ್ಪಾಡು ಇದರಲ್ಲಿಲ್ಲ. ಆದ್ದರಿಂದ ಆಸ್ಪತ್ರೆ ಯೋಜನೆಯ ಪಟ್ಟಿಯಲ್ಲಿದೆಯೇ ಎಂದು ಮೊದಲು ವಿಚಾರಿಸಿ. ದಾಖಲಾಗುವಾಗಲೇ ಅಲ್ಲಿನ ಯೋಜನಾ ಕೌಂಟರಿನಲ್ಲಿ ಆಧಾರ್, ರೇಷನ್ ಕಾರ್ಡ್ ತೋರಿಸಿ.

ಇನ್ನು ವಿಟ್ಲದ ನೆಂಟರು. ಬೇರೆ ರಾಜ್ಯದ ಟಿಕೆಟ್ ಮಾರಾಟವನ್ನು ನಿಷೇಧಿಸುವ ಅಧಿಕಾರ ಅದೇ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಪ್ರತಿ ರಾಜ್ಯಕ್ಕಿದೆ. ಕರ್ನಾಟಕ 2007ರಲ್ಲಿ ಲಾಟರಿಯನ್ನೇ ನಿಲ್ಲಿಸಿತು. ಗಡಿ ದಾಟಿಸಿ ಅಲ್ಲಿ ಮಾರುವುದು ಅಪರಾಧ. ನೆಂಟರೇ ಇಲ್ಲಿಗೆ ಬಂದು ಅಂಗಡಿಯಲ್ಲಿ ತೆಗೆದುಕೊಂಡರೆ ತೊಂದರೆಯಿಲ್ಲ: 2024ರ ತಿರುವೋಣಂ ಬಂಪರ್‌ನ 25 ಕೋಟಿ ಒಲಿದದ್ದು ವಯನಾಡಿನಲ್ಲಿ ಮಾರಾಟವಾದ ಟಿಕೆಟಿಗೆ, ಅದನ್ನು ಹಿಡಿದಿದ್ದವರು ಪಾಂಡವಪುರದ ಮೆಕ್ಯಾನಿಕ್. ವಾಟ್ಸ್ಆ್ಯಪಿನಲ್ಲಿ ಫೋಟೊ ಕಳಿಸಿ ಹಣ ಕೇಳುವವರನ್ನು ನಂಬಬೇಡಿ, ಕೇರಳ ಲಾಟರಿ ಕಾಗದದ ಟಿಕೆಟ್ ಮಾತ್ರ. ಫಲಿತಾಂಶದ ಕೊನೆಯ ಮೂರು ಅಂಕೆಗಳ ಮೇಲೆ ಚೀಟಿ ಬರೆದು ಆಡಿಸುವ ‘ಒಂಟಿ ನಂಬರ್’ ಸರಕಾರಿ ಫಲಿತಾಂಶದ ಬೆನ್ನೇರಿದ ಅಕ್ರಮ ಜೂಜು. ಅದರಲ್ಲಿ ಕೊಟ್ಟ ಹಣದ ಒಂದು ಪೈಸೆಯೂ ಯಾವ ರೋಗಿಗೂ ಮುಟ್ಟುವುದಿಲ್ಲ.

ಟಿಕೆಟ್ ಕೈಗೆ ಬಂದ ಕೂಡಲೇ ಹಿಂಬದಿಯಲ್ಲಿ ಹೆಸರು, ವಿಳಾಸ ಬರೆದು ಸಹಿ ಹಾಕಿ. ಸಹಿಯಿಲ್ಲದ ಟಿಕೆಟ್ ಯಾರ ಕೈಯಲ್ಲಿದ್ದರೆ ಅವರದೇ ಎಂದು ವಾದಿಸಬಹುದು, ಜಗಳಗಳೆಲ್ಲ ಹುಟ್ಟುವುದು ಅಲ್ಲಿಯೇ. ನಂಬರನ್ನು ಸರಕಾರಿ ಗೆಜೆಟ್‌ನ ಫಲಿತಾಂಶದೊಂದಿಗೆ ಹೋಲಿಸಿ. 5,000 ರೂಪಾಯಿವರೆಗೆ ಅಂಗಡಿಯಲ್ಲೇ ಸಿಗುತ್ತದೆ, ಹೆಚ್ಚಿನದಕ್ಕೆ ಲಾಟರಿ ಕಚೇರಿ ಅಥವಾ ಬ್ಯಾಂಕ್. ಎರಡೂ ಬದಿಯ ಪ್ರತಿ, ಫೋಟೊ, ಗುರುತು ಚೀಟಿ, ಪ್ಯಾನ್, ರೆವೆನ್ಯೂ ಸ್ಟಾಂಪ್ ಹಚ್ಚಿದ ರಸೀದಿ ಬೇಕು. ದೊಡ್ಡ ಬಹುಮಾನ ಪೂರ್ತಿ ಕೈಗೆ ಬರುವುದಿಲ್ಲ. 2022ರ ತಿರುವೋಣಂ ಬಂಪರ್‌ನ 25 ಕೋಟಿಯಲ್ಲಿ ಏಜೆಂಟರ ಪಾಲು ಶೇ. 10, ಉಳಿದದ್ದರಲ್ಲಿ ಆದಾಯ ತೆರಿಗೆ ಶೇ. 30 ಮುರಿದು ಸಿಕ್ಕಿದ್ದು 15.75 ಕೋಟಿ, ಅದರ ಮೇಲೆ ಸರ್‌ಚಾರ್ಜ್, ಸೆಸ್ ಬೇರೆ.

ಟಿಕೆಟ್ ಒಪ್ಪಿಸಲು ಡ್ರಾದ ದಿನದಿಂದ 30 ದಿನ ಮಾತ್ರ. ಆಮೇಲೆ ಆ ಬಹುಮಾನದ ಹಣ ಸರಕಾರದ ಸ್ವತ್ತು. ಬ್ರಿಟನ್ನಿನಲ್ಲಿ 180 ದಿನ ಕಾದು, ಯಾರೂ ಬಾರದಿದ್ದರೆ, ಒಳ್ಳೆಯ ಕೆಲಸಗಳ ಆ ನಿಧಿಗೇ ಸೇರಿಸುತ್ತಾರೆ.

— ಸಂ.